377 ಹೋದ ಮೇಲೆ ಕೈಗೆ ಬಂದದ್ದೇನು, ಬಾರದೆ ಉಳಿದದ್ದೇನು?

ಪ್ರಶ್ನೆ: ನಾನು ಆಲೂರು ತಾಲ್ಲೂಕಿನವನು, ಹಾಸನದಲ್ಲಿ ಕೆಲಸ. ನಾನೂ ನನ್ನ ಸಂಗಾತಿಯೂ ಕೆಲವು ವರ್ಷಗಳಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಅವನು ಮೂಡಿಗೆರೆ ಕಡೆಯವನು, ಅವನ ಹೆಸರಿಗೆ ಸ್ವಲ್ಪ ಕಾಫಿ ತೋಟವಿದೆ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಕೋರ್ಟು ಹೇಳಿತು, 2023ರಲ್ಲಿ ಮದುವೆ ಇಲ್ಲ ಎಂದಿತು. ಹಾಗಾದರೆ ನಾವು ಕಾನೂನಿನ ಒಳಗೋ ಹೊರಗೋ? ಈ ಹೋರಾಟ ಹೇಗೆ ಬಂತು, ಎಲ್ಲಿ ನಿಂತಿದೆ? ಯಾರಾದರೂ ಬೆದರಿಸಿದರೆ, ಮನೆಯವರು ಆಸ್ಪತ್ರೆಗೆ ಎಳೆದೊಯ್ದರೆ, ನಮ್ಮಲ್ಲೊಬ್ಬರಿಗೆ ಏನಾದರೂ ಆದರೆ ಗತಿಯೇನು?

ಉತ್ತರ: ನೀವು ಒಳಗೇ ಇದ್ದೀರಿ. ಆದರೆ ಒಬ್ಬೊಬ್ಬರಾಗಿ ಮಾತ್ರ. ನೀವಿಬ್ಬರೂ ಒಟ್ಟಿಗೆ ಬಾಳುವುದನ್ನು ಯಾವ ಪೊಲೀಸರೂ ಪ್ರಶ್ನಿಸುವಂತಿಲ್ಲ. ಹಾಗೆಯೇ ನೀವಿಬ್ಬರೂ ಒಂದು ಜೋಡಿ ಎಂದು ಕಂದಾಯ ಇಲಾಖೆಯೋ ಉತ್ತರಾಧಿಕಾರ ಕಾಯ್ದೆಯೋ ಒಪ್ಪುವುದಿಲ್ಲ. ಈ ಎರಡರ ನಡುವಿನ ಕಂದಕ ಹೇಗೆ ಉಂಟಾಯಿತು ಎಂದು ತಿಳಿಯಲು ಇತಿಹಾಸ ಬೇಕು. ಅದನ್ನು ದಾಟಲು ಸದ್ಯಕ್ಕೆ ಇರುವುದು ಕಾಗದಪತ್ರ.

ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ನು ನಮ್ಮ ಊರುಗಳಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1533ರಲ್ಲಿ ಎಂಟನೇ ಹೆನ್ರಿಯ ಕಾಲಕ್ಕೆ ಬಂದ ಕಾನೂನಿನ ಸಂತತಿ ಅದು. 1860ರ ಭಾರತ ದಂಡ ಸಂಹಿತೆಯಲ್ಲಿ ಸೇರಿ 1862ರ ಜನವರಿ 1ರಿಂದ ಜಾರಿಗೆ ಬಂತು. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಸೆರೆ. ಇಬ್ಬರೂ ಒಪ್ಪಿದ್ದರೋ ಇಲ್ಲವೋ ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಅದೇ ಸಂಹಿತೆಯ 388 ಮತ್ತು 389ನೇ ಸೆಕ್ಷನ್‌ಗಳಲ್ಲಿದೆ. ‘ನಿನ್ನ ಮೇಲೆ ಇಂಥ ಅಪರಾಧ ಹೊರಿಸುತ್ತೇನೆ’ ಎಂದು ಹೆದರಿಸಿ ಹಣ ಕೀಳುವವರಿಗೆ ಅಲ್ಲಿ ಶಿಕ್ಷೆ ಹೇಳಿದೆ. ಹೊರಿಸುವುದಾಗಿ ಹೆದರಿಸಿದ ಅಪರಾಧ 377 ಆಗಿದ್ದರೆ ಶಿಕ್ಷೆ ಜೀವಾವಧಿವರೆಗೂ ಹೋಗಬಹುದು ಎಂದು ಸೆಕ್ಷನ್ನಿನ ಸಂಖ್ಯೆಯನ್ನೇ ನಮೂದಿಸಿ ಬರೆದಿತ್ತು. ಅಂದರೆ, ಈ ಕಾನೂನು ಸುಲಿಗೆಕೋರರ ಕೈಗೆ ಆಯುಧವಾಗುತ್ತದೆ ಎಂದು ಬರೆದವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಇಟ್ಟರು. ಮುಂದಿನ ಒಂದೂವರೆ ಶತಮಾನ ಆದದ್ದೂ ಅದೇ. ಶಿಕ್ಷೆಯಾದ ಪ್ರಕರಣ ಬಹಳ ಕಡಿಮೆ, ಬೆದರಿಕೆಗೆ ಲೆಕ್ಕವಿಲ್ಲ. 1884ರಲ್ಲಿ ಖೈರಾತಿ ಎಂಬ ವ್ಯಕ್ತಿಯ ಪ್ರಕರಣ ಅಲಹಾಬಾದ್ ಹೈಕೋರ್ಟಿಗೆ ಬಂತು. ಹೆಣ್ಣಿನ ಉಡುಗೆಯಲ್ಲಿ ಹಾಡುತ್ತಿದ್ದಾಗ ಹಿಡಿದು, ವೈದ್ಯರಿಂದ ಮೈ ಪರೀಕ್ಷೆ ಮಾಡಿಸಿ ಶಿಕ್ಷೆ ಕೊಟ್ಟಿದ್ದರು. ಯಾವಾಗ, ಎಲ್ಲಿ, ಯಾರ ಜೊತೆ ಎಂಬ ಯಾವ ವಿವರವೂ ಇಲ್ಲದ್ದರಿಂದ ಹೈಕೋರ್ಟು ಬಿಡುಗಡೆ ಮಾಡಿತು. ಆ ಮನುಷ್ಯನ ಮೈ ಮೇಲೆ ಆದ ತಪಾಸಣೆಗೆ ಯಾರೂ ಉತ್ತರ ಕೊಡಲಿಲ್ಲ.

ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ತೋರಿಸಿ ‘ನಮ್ಮಲ್ಲಿ ಹಿಂದೆ ಎಲ್ಲವೂ ಮುಕ್ತವಾಗಿತ್ತು’ ಎನ್ನುವವರಿದ್ದಾರೆ. ಬೇಲೂರಿನ ದೇವಾಲಯ 1117ರದ್ದು. ಅಲ್ಲಿನ ಮೋಹಿನಿಯ ಶಿಲ್ಪ ನೋಡಿ ಆ ಕಾಲದ ಸಾಮಾನ್ಯ ಜನ ಹೇಗೆ ಬದುಕಿದರು ಎಂದು ತೀರ್ಮಾನಿಸಲು ಆಗುವುದಿಲ್ಲ. ಹಕ್ಕಿನ ವಾದಕ್ಕೆ ಶಿಲ್ಪದ ಆಸರೆ ಬೇಕಾಗಿಯೂ ಇಲ್ಲ.

ಹೊರದೇಶಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1897ರಲ್ಲಿ ಬರ್ಲಿನ್‌ನಲ್ಲಿ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಮತ್ತು ಗೆಳೆಯರು ಜರ್ಮನಿಯ ಇಂಥದ್ದೇ ಕಾನೂನಿನ ವಿರುದ್ಧ ಸಂಘ ಕಟ್ಟಿದರು. 1933ರಲ್ಲಿ ನಾಜಿಗಳು ಅವರ ಸಂಸ್ಥೆಯ ಪುಸ್ತಕಗಳನ್ನು ಸುಟ್ಟರು. ಬ್ರಿಟನ್ನಿನಲ್ಲಿ 1957ರ ವುಲ್ಫೆಂಡನ್ ಸಮಿತಿಯ ವರದಿಯ ಮೇಲೆ 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಸಡಿಲವಾಯಿತು. ನಮಗೆ ಕಾನೂನು ಕೊಟ್ಟವರು ತಮ್ಮಲ್ಲಿ ಬಿಟ್ಟರು, ನಾವು ಇನ್ನೂ ಐವತ್ತು ವರ್ಷ ಹಿಡಿದುಕೊಂಡೆವು. 1969ರ ಜೂನ್ 28ರ ಬೆಳಗಿನ ಜಾವ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿ ನಿಂತರು. ಮರುವರ್ಷ ಅದೇ ದಿನ ಮೆರವಣಿಗೆ ಹೊರಟಿತು. ಜೂನ್ ತಿಂಗಳ ಪ್ರೈಡ್ ಮೆರವಣಿಗೆಗಳ ಮೂಲ ಇದು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದವು. ಈ ಕೊನೆಯ ತಾರೀಖು ನೆನಪಿಟ್ಟುಕೊಳ್ಳಿ, ಮನೆಯವರ ಜೊತೆ ಮಾತಾಡುವಾಗ ಬೇಕಾಗುತ್ತದೆ.

ನಮ್ಮ ದೇಶದ ಚಳವಳಿ ಮುಂದೆ ಹೋದದ್ದು ಬರೆದಿಟ್ಟ ದಾಖಲೆಗಳ ಬಲದಿಂದ. 1990ರಲ್ಲಿ ಅಶೋಕ್ ರಾವ್ ಕವಿ ಮುಂಬೈಯಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆ ತಂದರು. 1991ರಲ್ಲಿ ದೆಹಲಿಯ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಸಂಘಟನೆ ಸಲಿಂಗಿಗಳ ಸ್ಥಿತಿಗತಿ ಕುರಿತು ಮೊದಲ ನಾಗರಿಕ ವರದಿ ಬರೆಯಿತು. 1992ರ ಆಗಸ್ಟ್ 11ರಂದು ಅದೇ ಗುಂಪು ದೆಹಲಿ ಪೊಲೀಸ್ ಕೇಂದ್ರ ಕಚೇರಿ ಎದುರು ಧರಣಿ ಕೂತಿತು. ಕನಾಟ್ ಪ್ಲೇಸ್‌ನ ಉದ್ಯಾನದಲ್ಲಿ ಪೊಲೀಸರು ಗಂಡಸರನ್ನು ಅನುಮಾನದ ಮೇಲೆ ಎತ್ತಿಕೊಂಡು ಹೋಗಿದ್ದು ಕಾರಣ. 1994ರಲ್ಲಿ ತಿಹಾರ್ ಜೈಲಿನಲ್ಲಿ ಕಾಂಡೋಮ್ ಹಂಚಲು ಅನುಮತಿ ಸಿಗದಿದ್ದಾಗ 377ರ ವಿರುದ್ಧ ಮೊದಲ ಅರ್ಜಿಯನ್ನೂ ಅವರೇ ಹಾಕಿದರು. ಅದು ವಿಚಾರಣೆಯ ಹಂತ ಕಾಣದೆ ವರ್ಷಗಳ ನಂತರ ವಜಾ ಆಯಿತು.

ಕರ್ನಾಟಕದ ದಾರಿ ಸ್ವಲ್ಪ ಬೇರೆ, ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದದ್ದು. ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆಸ್ ಯೂ’ ಗುಂಪು ಸೇರತೊಡಗಿತು. 1997ರಲ್ಲಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಗೇ ಹಕ್ಕುಗಳ ವಿಚಾರ ಸಂಕಿರಣ ನಡೆಯಿತು. 1999ರಲ್ಲಿ ‘ಸಂಗಮ’ ಶುರುವಾದ ಮೇಲೆ ಇಂಗ್ಲಿಷ್ ಬಲ್ಲ ನಗರದ ಗೇ ಯುವಕರೂ, ಕನ್ನಡ ತಮಿಳು ಉರ್ದು ಮಾತಾಡುವ ಕೋಥಿಗಳೂ (ಹೆಣ್ಣಿನ ಹಾವಭಾವದ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು), ಹಿಜಡಾಗಳೂ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಒಂದೇ ಬ್ಯಾನರ್ ಹಿಡಿದು ಬೀದಿಗೆ ಬಂದರು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಪೊಲೀಸ್ ಕಿರುಕುಳ, ಸುಲಿಗೆ, ಮನೆಯೊಳಗಿನ ಹಿಂಸೆಯನ್ನು ದಾಖಲಿಸಿ ವರದಿ ತಂದಿತು, 2003ರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದ ಬಗ್ಗೆ ಇನ್ನೊಂದು. ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ 2008ರ ಜೂನ್ 29ರಂದು.

ಕೋರ್ಟಿನ ಹಾದಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಲ್ಲಿ ಎಡವಿತು ಎಂಬುದರಲ್ಲೇ ಪಾಠವಿದೆ. 2001ರ ಜುಲೈನಲ್ಲಿ ಲಖನೌನಲ್ಲಿ ಏಡ್ಸ್ ತಡೆ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನೇ 377ರಡಿ ಹಿಡಿದು ಒಂದೂವರೆ ತಿಂಗಳು ಜೈಲಿನಲ್ಲಿಟ್ಟರು. ಅದೇ ವರ್ಷ ಏಡ್ಸ್ ತಡೆ ಕೆಲಸದ ಇನ್ನೊಂದು ಸಂಸ್ಥೆ, ನಾಜ್ ಫೌಂಡೇಶನ್, 377ರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಕಾನೂನಿನ ಹೆದರಿಕೆಯಿಂದ ಜನ ಚಿಕಿತ್ಸೆಗೇ ಬರುವುದಿಲ್ಲ ಎಂಬುದು ವಾದ. 2004ರಲ್ಲಿ ಹೈಕೋರ್ಟು, ನೊಂದವರು ಯಾರೂ ಎದುರಿಗಿಲ್ಲ, ಇದು ಬರಿಯ ತಾತ್ವಿಕ ಪ್ರಶ್ನೆ ಎಂದು ತಳ್ಳಿಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟು ‘ಹಾಗಲ್ಲ, ಕೇಳಿ ತೀರ್ಮಾನಿಸಿ’ ಎಂದು ವಾಪಸ್ ಕಳಿಸಿತು. 2009ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಎಸ್. ಮುರಳೀಧರ್, ಪ್ರೌಢರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದರು.

ಆ ತೀರ್ಪಿಗೆ ಯಾವ ತಡೆಯೂ ಇಲ್ಲದ ಕಾಲದಲ್ಲಿ, 2013ರ ನವೆಂಬರ್‌ನಲ್ಲಿ, ಹಾಸನದಲ್ಲೇ ಹತ್ತಕ್ಕೂ ಹೆಚ್ಚು ಗಂಡಸರನ್ನು 377ರಡಿ ಬಂಧಿಸಿದರು. ನಿಮ್ಮ ಊರಿನ ಈ ಪ್ರಕರಣವನ್ನು ನೀವು ತಿಳಿದಿರಲೇಬೇಕು. ತೀರ್ಪು ದೆಹಲಿಯಲ್ಲಿ ಬಂದರೂ ಠಾಣೆಯ ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು ಅಲ್ಲಿ ಕಂಡಿತು. ಸರಿಯಾಗಿ ಮುಂದಿನ ತಿಂಗಳು, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ತೀರ್ಪನ್ನು ರದ್ದು ಮಾಡಿತು. ಇಂಥವರು ಜನಸಂಖ್ಯೆಯ ಅತಿ ಸಣ್ಣ ಭಾಗ, 150 ವರ್ಷದಲ್ಲಿ ಇನ್ನೂರು ಮಂದಿಯ ಮೇಲೂ ಮೊಕದ್ದಮೆ ನಡೆದಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಎಫ್‌ಐಆರ್ ಆಗದೆ ಠಾಣೆಯ ಹಿಂಬದಿಯಲ್ಲಿ ಮುಗಿದ ಸಾವಿರಾರು ಘಟನೆಗಳು ಲೆಕ್ಕಕ್ಕೆ ಬರಲೇ ಇಲ್ಲ. ಬರೆದು ದಾಖಲಿಸದ ದೌರ್ಜನ್ಯ ಕೋರ್ಟಿನ ಕಣ್ಣಿಗೆ ನಡೆದೇ ಇಲ್ಲ ಎಂಬಂತೆ. ಕೆಳಗೆ ನಾನು ಪದೇಪದೇ ‘ಬರೆದು ಕೊಡಿ’ ಎನ್ನುವುದು ಇದಕ್ಕೇ.

ದಾರಿ ತಿರುಗಿದ್ದು ಮೂರು ಕಡೆಯಿಂದ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪು ಟ್ರಾನ್ಸ್‌ಜೆಂಡರ್ ಜನರ ಲಿಂಗತ್ವವನ್ನು ಒಪ್ಪಿತು. 2017ರ ಆಗಸ್ಟ್ 24ರಂದು, ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಲೈಂಗಿಕ ಒಲವೂ ಅದರೊಳಗೆ ಬರುತ್ತದೆ, ‘ಸಣ್ಣ ಸಂಖ್ಯೆ’ ಎಂಬ ಕಾರಣ ನಿಲ್ಲುವುದಿಲ್ಲ ಎಂಬ ಮಾತೂ ಅಲ್ಲಿ ಬಂತು. ಮೂರನೆಯದು, 2016ರಲ್ಲಿ ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತು ಇನ್ನು ನಾಲ್ವರು ತಮ್ಮ ಸ್ವಂತ ಹೆಸರಿನಲ್ಲಿ, ‘ಇದು ನಮ್ಮ ಬದುಕು’ ಎಂದು ಅರ್ಜಿ ಹಾಕಿದ್ದು. ನೊಂದವರು ಎಲ್ಲಿ ಎಂಬ 2004ರ ಪ್ರಶ್ನೆಗೆ ಉತ್ತರ ಸಿಕ್ಕಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ, ಪ್ರೌಢರು ಖಾಸಗಿಯಾಗಿ ಒಪ್ಪಿ ನಡೆಸುವ ಸಂಬಂಧಕ್ಕೆ 377 ಅನ್ವಯಿಸದು ಎಂದರು.

ಮದುವೆಯ ಹಕ್ಕು ಕೇಳಿದ ಸುಪ್ರಿಯೋ ಪ್ರಕರಣದಲ್ಲಿ 2023ರ ಅಕ್ಟೋಬರ್ 17ರಂದು ಬಂದ ತೀರ್ಪು ಆ ಗೆಲುವನ್ನು ಕಿತ್ತುಕೊಂಡಿಲ್ಲ. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ತಿದ್ದಲಾಗದು ಎಂಬುದರಲ್ಲಿ ಐವರೂ ಒಂದಾದರು. ಜೋಡಿಗೆ ಬೇರೆ ರೀತಿಯ ಕಾನೂನು ಮನ್ನಣೆ, ಜಂಟಿ ದತ್ತು ಇವುಗಳಲ್ಲಿ 3–2ರಿಂದ ಸೋಲಾಯಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಆದರೆ ಕೇಂದ್ರದ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ರಚನೆಯಾದ ಮೇಲೆ 2024ರ ಆಗಸ್ಟಿನ ಹೊತ್ತಿಗೆ ಕೇಂದ್ರದಿಂದ ಕೆಲವು ಸ್ಪಷ್ಟನೆಗಳು ಬಂದಿವೆ. ನೀವಿಬ್ಬರೂ ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು. ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು. ಹತ್ತಿರದ ಸಂಬಂಧಿಕರು ಸಿಗದಿದ್ದರೆ ಸಂಗಾತಿಯೇ ಪಾರ್ಥಿವ ಶರೀರ ಪಡೆಯಬಹುದು. ಬ್ಯಾಂಕ್ ಶಾಖೆಯಲ್ಲಿ ‘ಅಂಥದ್ದೇನೂ ಬಂದಿಲ್ಲ’ ಎಂದರೆ ವಾದಕ್ಕಿಳಿಯದೆ, ಹಣಕಾಸು ಸಚಿವಾಲಯದ 2024ರ ಆಗಸ್ಟ್ 28ರ ಸಲಹಾಪತ್ರ ಎಂದು ತಾರೀಖು ಬರೆದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಬೆದರಿಕೆಯ ವಿಷಯ. ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ: ಆ್ಯಪ್‌ನಲ್ಲಿ ಪರಿಚಯ, ಜನವಿಲ್ಲದ ಜಾಗಕ್ಕೆ ಕರೆ, ಅಲ್ಲಿ ಇನ್ನಿಬ್ಬರು ಮೂವರು ಬಂದು ವಿಡಿಯೊ ತೆಗೆದು ‘ಊರಿಗೆಲ್ಲ ಕಳಿಸುತ್ತೇವೆ, ಪೊಲೀಸರಿಗೆ ಹೇಳುತ್ತೇವೆ’ ಎಂದು ಫೋನ್‌ಪೇ ಮಾಡಿಸಿಕೊಳ್ಳುವುದು. ಪೊಲೀಸರಿಗೆ ಹೇಳಲು ಅವರ ಬಳಿ ಏನೂ ಇಲ್ಲ, ಅಪರಾಧಿಗಳು ಅವರೇ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಒಂದೆರಡು ಗಂಟೆಯಲ್ಲಿ. ಭಯದಿಂದ ಚಾಟ್ ಅಳಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಅಳಿಸಬೇಡಿ. ಪ್ರೊಫೈಲ್, ಫೋನ್ ನಂಬರ್, ಯುಪಿಐ ವಹಿವಾಟಿನ ಸಂಖ್ಯೆ, ಗಂಟೆ, ಜಾಗ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ದೂರಿನಲ್ಲಿ ನಿಮ್ಮ ಲೈಂಗಿಕತೆಯ ವಿವರಣೆ ಬೇಕಿಲ್ಲ. ಯಾರು, ಯಾವಾಗ, ಎಲ್ಲಿ, ಏನೆಂದು ಹೆದರಿಸಿದರು, ಎಷ್ಟು ಹಣ ಹೋಯಿತು, ಇಷ್ಟು ಸಾಕು. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 308 ಸುಲಿಗೆಗೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. 351 ಬೆದರಿಕೆಗೆ, ಐಟಿ ಕಾಯ್ದೆಯ 66ಇ ಖಾಸಗಿ ಅಂಗಗಳ ಚಿತ್ರ ತೆಗೆದು ಹರಡುವುದಕ್ಕೆ. ಹಾಸನದ ಠಾಣೆಗೆ ಹೋಗಲು ಸಂಕೋಚವಿದ್ದರೆ ಬೇರೆ ಊರಿನ ಠಾಣೆಯಲ್ಲೂ ಜೀರೋ ಎಫ್‌ಐಆರ್ ಮಾಡಿಸಬಹುದು. ಬರೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಂತೆ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಲು ಆ ರಸೀದಿಯೇ ಆಧಾರ.

ಇಲ್ಲಿ ಕಾನೂನಿನಲ್ಲೇ ಒಂದು ದೊಡ್ಡ ತೂತಿದೆ. 2018ರ ತೀರ್ಪು ಬಲಾತ್ಕಾರದ ಮಟ್ಟಿಗೆ 377ನ್ನು ಉಳಿಸಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಅತ್ಯಾಚಾರದ ಸೆಕ್ಷನ್ ಹೆಣ್ಣುಮಕ್ಕಳಿಗೆ ಮಾತ್ರ. ವಯಸ್ಕ ಗಂಡಸಿನ ಮೇಲೆ ಗಂಡಸು ಲೈಂಗಿಕ ದೌರ್ಜನ್ಯ ಎಸಗಿದರೆ ಹಲ್ಲೆ, ಅಕ್ರಮ ಬಂಧನ, ಸುಲಿಗೆಯ ಸೆಕ್ಷನ್‌ಗಳಲ್ಲೇ ದೂರು ಕೊಡಬೇಕಾಗಿದೆ. ಇದು ಅನ್ಯಾಯ, ಶಾಸನ ಮಾಡುವವರು ಸರಿಪಡಿಸಲೇಬೇಕು. ಹದಿನೆಂಟರೊಳಗಿನವರಿಗೆ ಪೋಕ್ಸೊ ಇದೆ, ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ.

ಮನೆಯವರು ‘ಸರಿಮಾಡಿಸಲು’ ಆಸ್ಪತ್ರೆಗೆ ಕರೆದೊಯ್ಯುವ ಭಯಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆ ನೇರ ಉತ್ತರ ಕೊಡುತ್ತದೆ. ಸಮಾಜದ ನೈತಿಕ ಕಟ್ಟಳೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ ಎನ್ನುತ್ತದೆ 3ನೇ ಸೆಕ್ಷನ್. ಒಲವು ಬದಲಿಸುವ ‘ಚಿಕಿತ್ಸೆ’ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ 2021ರ ಆದೇಶದ ಬೆನ್ನಿಗೆ ಬಂದದ್ದು ಅದು. ಇಂದೇ ಮಾಡಬಹುದಾದ ಕೆಲಸ ಒಂದಿದೆ: ಅದೇ ಕಾಯ್ದೆಯ 14ನೇ ಸೆಕ್ಷನ್ನಿನಂತೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಸಂಗಾತಿಯನ್ನೇ ನಿಮ್ಮ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಪರ ನಿಲ್ಲುವವರು, ಎಂದು ಮಾಡಿಕೊಳ್ಳಿ. ಒಬ್ಬರನ್ನು ಮನೆಯಲ್ಲಿ ಕೂಡಿಹಾಕಿದರೆ ಇನ್ನೊಬ್ಬರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ) ಹಾಕಬಹುದು. ಹಾಸನ, ಚಿಕ್ಕಮಗಳೂರಿನವರಿಗೆ ಬೆಂಗಳೂರಿನ ಪ್ರಧಾನ ಪೀಠ. 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಇಂಥ ಅರ್ಜಿಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಸಂಗಾತಿಯೋ ಸ್ನೇಹಿತರೋ ಹಾಕಿದ ಅರ್ಜಿಯನ್ನು ಬೇಗ ಕೈಗೆತ್ತಿಕೊಳ್ಳಬೇಕು, ಹಿಡಿದಿಟ್ಟವರ ಎದುರಿಲ್ಲದೆ ಆ ವ್ಯಕ್ತಿಯನ್ನು ಮಾತಾಡಿಸಬೇಕು, ಮನಸ್ಸು ತಿರುಗಿಸಲು ಕೌನ್ಸೆಲಿಂಗ್ ಬಳಸಬಾರದು. ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ತೋಟ. ನಿಮ್ಮ ಸಂಗಾತಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರಾಗಿ, ಮದುವೆಯಾಗದೆ, ವಿಲ್ ಬರೆಯದೆ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿ ತಾಯಿಗೆ. ತಾಯಿ ಇಲ್ಲದಿದ್ದರೆ ತಂದೆಗೆ. ಅವರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ನಾಮಿನಿ ಆಗಿದ್ದರೂ ಬ್ಯಾಂಕ್ ಹಣ ವಾರಸುದಾರರ ಪರವಾಗಿ ಕೈಗೆ ಬರುತ್ತದೆಯೇ ಹೊರತು ನಿಮ್ಮದಾಗುವುದಿಲ್ಲ. ಪಿಎಫ್‌ನಲ್ಲಂತೂ ‘ಕುಟುಂಬ’ ಇದ್ದವರು ಹೊರಗಿನವರನ್ನು ನಾಮಿನಿ ಮಾಡುವಂತಿಲ್ಲ, ಅವಲಂಬಿತ ತಂದೆತಾಯಿಯೂ ಆ ಕುಟುಂಬದಲ್ಲಿ ಸೇರುತ್ತಾರೆ. ಆದ್ದರಿಂದ ವಿಲ್ ಬೇಕೇ ಬೇಕು. ದಾನಪತ್ರಕ್ಕಿಂತ ವಿಲ್ ಮೇಲು: ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ಬದುಕಿರುವವರೆಗೂ ಬದಲಿಸಬಹುದು, ವಿಲ್‌ನಿಂದ ಬಂದದ್ದಕ್ಕೆ ಆದಾಯ ತೆರಿಗೆ ಇಲ್ಲ. ದಾನವಾದರೆ ಕುಟುಂಬದವರಿಗಿರುವ ಶುಲ್ಕ ರಿಯಾಯಿತಿಯೂ ಇಲ್ಲ, ತೆರಿಗೆಯೂ ಬೀಳಬಹುದು. ಮುಸ್ಲಿಮರಾದರೆ ಮೂರನೇ ಒಂದು ಭಾಗದ ಮಿತಿ ಇದೆ ಎಂಬುದು ನೆನಪಿರಲಿ.

ಬರೆಯುವ ಮೊದಲು ಪಹಣಿ ಮತ್ತು ಮೂಲಪತ್ರ ನೋಡಿ. ಮಲೆನಾಡಿನಲ್ಲಿ ಎಡವುವುದು ಇಲ್ಲೇ. ಪಿತ್ರಾರ್ಜಿತವಾದರೆ ಅವರ ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಭೂಸುಧಾರಣೆಯಲ್ಲಿ ಬಂದ ಗೇಣಿ ಜಮೀನು, ದರಖಾಸ್ತು ಅಥವಾ ಬಗರ್‌ಹುಕುಂನಲ್ಲಿ ಮಂಜೂರಾದದ್ದು ಆಗಿದ್ದರೆ ಪರಭಾರೆಗೆ ಷರತ್ತುಗಳಿರುತ್ತವೆ. ಕುಟುಂಬದ ಹೊರಗಿನವರಿಗೆ ಬರೆದ ವಿಲ್ ಅಲ್ಲಿ ಬಿದ್ದುಹೋಗಬಹುದು. ಮಂಜೂರಾತಿ ಆದೇಶದ ಪ್ರತಿಯನ್ನು ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ.

ಬರೆಯುವವರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಸಾಕ್ಷಿಗಳೂ ಅವರೆದುರು ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ, ನಿಮ್ಮ ವಿಷಯದಲ್ಲಿ ಮಾಡಿಸಲೇಬೇಕು. ಹತ್ತಿರದ ವಾರಸುದಾರರನ್ನು ಬಿಟ್ಟು ಬರೆದ ವಿಲ್ ಮೇಲೆ ಕೋರ್ಟಿಗೆ ಸಂಶಯ ಬರುತ್ತದೆ, ಆ ಸಂಶಯ ಕಳೆಯುವ ಹೊಣೆ ಲಾಭ ಪಡೆಯುವವರದ್ದು. ಮೈಸೂರು ರಾಜ್ಯದಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1959ರ ಹೊತ್ತಿಗೇ ಹೇಳಿದ ಮಾತಿದು, ಇಂದಿಗೂ ಅದೇ ಅಳತೆ. ಹಾಗಾಗಿ ಏಕೆ ನಿಮಗೆ ಕೊಡುತ್ತಿದ್ದಾರೆ, ತಂದೆತಾಯಿಗೆ ಏನು ಏರ್ಪಾಡು ಮಾಡಿದ್ದಾರೆ ಎಂದು ವಿಲ್‌ನಲ್ಲೇ ಎರಡು ಸಾಲು ಬರೆಯಲಿ. ಉಪ ನೋಂದಣಾಧಿಕಾರಿ ಕಚೇರಿಗೆ ಅವರ ಜೊತೆ ನೀವು ಹೋಗಬೇಡಿ, ಕರಡು ಬರೆಸುವುದರಲ್ಲೂ ಕೈಯಾಡಿಸಬೇಡಿ. ಆ ದಿನದ ವೈದ್ಯರ ಸರ್ಟಿಫಿಕೇಟ್ ಜೊತೆಗಿರಲಿ. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಜಿಲ್ಲೆಯಲ್ಲೇ ನೆಲೆಸಿರುವವರಾಗಿರಲಿ. ಮುಂದೆ ವ್ಯಾಜ್ಯವಾದರೆ ಕನಿಷ್ಠ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕಾಗುತ್ತದೆ. ಪವತಿ ಖಾತೆಗೆ ಅರ್ಜಿ ಹಾಕಿದಾಗ ಸಂಬಂಧಿಕರು ತಕರಾರು ತೆಗೆದರೆ ವಿಷಯ ಸಿವಿಲ್ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಈ ಎಚ್ಚರಿಕೆಗಳೆಲ್ಲ ಕೆಲಸಕ್ಕೆ ಬರುತ್ತವೆ.

ಉಳಿದವು ಸಣ್ಣವು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಒಬ್ಬರ ಹೆಸರಿದ್ದು ಅವರಿಗೇನಾದರೂ ಆದರೆ ಇನ್ನೊಬ್ಬರನ್ನು ಮನೆಯವರು ಹೊರಗೆ ಹಾಕುತ್ತಾರೆ. ಕೊನೆಗಾಲದ ಚಿಕಿತ್ಸೆ ಬಗ್ಗೆ ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ತೀರ್ಮಾನ ತಿಳಿಸಬೇಕಾದವರೆಂದು ಸಂಗಾತಿಯ ಹೆಸರು ಬರೆಯಬಹುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಎಚ್‌ಐವಿ ಪರೀಕ್ಷೆ, ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಫಲಿತಾಂಶವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆಡಹುವುದು 2017ರ ಎಚ್‌ಐವಿ ಕಾಯ್ದೆಯಂತೆ ತಪ್ಪು, ಮಾಹಿತಿಗೆ 1097. ವಕೀಲರ ಖರ್ಚು ಭಾರವೆನಿಸಿದರೆ 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಎಲ್ಲಕ್ಕಿಂತ ಮೊದಲು ವಿಲ್ ಮುಗಿಸಿ. ಮೂಲಪ್ರತಿಯನ್ನು ಬಾಡಿಗೆ ಮನೆಯಲ್ಲೂ ತೋಟದ ಮನೆಯಲ್ಲೂ ಇಡದೆ ಬ್ಯಾಂಕ್ ಲಾಕರ್‌ನಲ್ಲೋ ವಕೀಲರ ಬಳಿಯೋ ಇಟ್ಟು, ಎಲ್ಲಿದೆಯೆಂದು ಇಬ್ಬರು ಸಾಕ್ಷಿಗಳಿಗೂ ತಿಳಿಸಿಡಿ.